ಬಿಚ್ಚದ ಪೊಟ್ಟಣ

೩ ಆಗಸ್ಟ್ ೨೦೨೫, ಭಾನುವಾರ

ನನ್ನ ಪ್ರೀತಿಯ ಅಮುದಕ್ಕಾ,

ನೀನೂ ಭಾವನೂ ಮಗುವೂ ಚೆನ್ನಾಗಿದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಫೋನಿರುವಾಗ ಕಾಗದವೇಕೆ ಎಂದು ನಗಬೇಡ. ಕೊಳ್ಳೇಗಾಲದ ನಿಮ್ಮ ನಡುಮನೆಯಲ್ಲಿ ನಿನ್ನ ಫೋನು ಸದಾ ಸ್ಪೀಕರಿನಲ್ಲೇ ಇರುತ್ತದೆ, ನಾನು ನಿನ್ನನ್ನು ಕೇಳಿದ್ದಕ್ಕೆ ಮನೆಮಂದಿಯೆಲ್ಲ ಉತ್ತರ ಕೊಡುತ್ತಾರೆ. ಮದುವೆಯಾದ ಮೇಲೆ ನೀನು ಕಲಿತ ಕನ್ನಡ ಅಕ್ಷರವನ್ನು ನನಗೂ ಕಲಿಸಿದ್ದು ಈಗ ಉಪಯೋಗಕ್ಕೆ ಬಂತು. ನಮ್ಮ ಮನೆಯಲ್ಲಿ ಆಡುವುದು ಕನ್ನಡ, ಓದುವುದು ತಮಿಳು. ಈ ಕಾಗದ ಅಪ್ಪನ ಕೈಗೆ ಸಿಕ್ಕರೂ ಅವರಿಗೆ ಸಾಲಾಗಿ ಜಿಲೇಬಿ ಸುತ್ತಿಟ್ಟ ಹಾಗೆ ಕಂಡೀತು, ಅಷ್ಟೇ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ನನಗೆ ನಾಚಿಕೆ.

ದಿಂಡಿಗಲ್ಲಿನ ಕಾಲೇಜು, ಕೊಯಮತ್ತೂರಿನ ಕಾಲೇಜು, ಎರಡರಲ್ಲೂ ನನಗೆ ಎಂಬಿಎ ಸೀಟು ಸಿಕ್ಕಿದ್ದು ನಿನಗೆ ಗೊತ್ತು. ಆಮೇಲೆ ನಡೆದ ಪೈಪೋಟಿ ಗೊತ್ತಿಲ್ಲ. ಒಬ್ಬರು ಸಿಂಗಪುರ ಪ್ರವಾಸ ಎಂದರೆ ಇನ್ನೊಬ್ಬರು ಮರುದಿನವೇ ಫೋನು ಮಾಡಿ ದುಬೈ ಎಂದರು. ಒಬ್ಬರು ಲ್ಯಾಪ್‌ಟಾಪ್ ಕೊಡುತ್ತೇವೆ ಎಂದರೆ ಇನ್ನೊಬ್ಬರು ಲ್ಯಾಪ್‌ಟಾಪಿನ ಜೊತೆಗೆ ಬ್ಯಾಗೂ ಉಂಟು ಎಂದರು. ಅಪ್ಪ ಬಾಳೆಗೊನೆ ಮಾರಿ ಬದುಕಿದವರು. ಕೂಗಿ ಕೂಗಿ ಕರೆಯುವ ಮಾಲಿನ ಮೇಲೆ ಅವರಿಗೆ ಎಂದೂ ನಂಬಿಕೆಯಿಲ್ಲ. ಎರಡನ್ನೂ ಬದಿಗಿಟ್ಟು, ಕುಲದೇವಿಯ ಮುಂದೆ ಹೂವು ಕೇಳೋಣ ಎಂದುಬಿಟ್ಟರು.

ಗೋವಿಂದತ್ತೆಗೆ ಮಾತ್ರ ಕೇಳುವ ಅಗತ್ಯವೇ ಕಾಣಲಿಲ್ಲ. ಅಮ್ಮ ತೀರಿಕೊಂಡಾಗ ದಿಂಡಿಗಲ್ಲಿನ ತನ್ನ ಮನೆಗೆ ಬೀಗ ಜಡಿದು ಗೂಡಲೂರಿನ ನಮ್ಮ ಮನೆಗೆ ಬಂದು ನಮ್ಮಿಬ್ಬರನ್ನು ಸಾಕಿದವರು ಅವರು. ನಿನ್ನ ಮದುವೆಯಾಗಿ, ನಾನು ಮದುರೈ ಹಾಸ್ಟೆಲಿಗೆ ಹೋದ ಮೇಲಲ್ಲವೇ ಅವರು ಆ ಬೀಗ ತೆಗೆದದ್ದು. ಎಂಬಿಎಯನ್ನು ನಾನು ದಿಂಡಿಗಲ್ಲಿನಲ್ಲೇ ಓದುತ್ತೇನೆಂದು ಆಗಲೇ ಮಹಡಿಯ ಮೇಲೊಂದು ಕೋಣೆ ಕಟ್ಟಿಸಿ, ಸುಣ್ಣ ಬಳಿಸಿ, ಕಿಟಕಿಗೆ ಸೊಳ್ಳೆ ಪರದೆ ಹೊಡೆಸಿದ್ದರು.

ದಿಂಡಿಗಲ್ ಕಾಲೇಜಿನ ಅಡ್ಮಿಷನ್ ಆಫೀಸಿಗೂ ನನ್ನ ಜೊತೆ ಬಂದರು. ಅಲ್ಲಿ ಕೂತವನ ಹತ್ತಿರ ಸಂತೆಯಲ್ಲಿ ನಿಂತ ಹಾಗೆ ಚೌಕಾಸಿಗೆ ಇಳಿದರು. ಹುಡುಗಿ ಹಾಸ್ಟೆಲಿನಲ್ಲಿ ಇರುವುದಿಲ್ಲ, ನನ್ನ ಮನೆಯಲ್ಲೇ ಇರುತ್ತಾಳೆ. ಮಧ್ಯಾಹ್ನ ನಾನೇ ಬಿಸಿ ಊಟ ತಂದು ಕ್ಲಾಸಿನ ಬಾಗಿಲಲ್ಲಿ ಕೂರುತ್ತೇನೆ. ಆಗದಿದ್ದರೆ ಕೊಯಮತ್ತೂರಿನವರು ಕಾಯುತ್ತಿದ್ದಾರೆ ಎಂದರು. ಸೀಟು ತುಂಬಿದರೆ ಸಾಕೆಂದಿದ್ದ ಅವನು ಎಲ್ಲಕ್ಕೂ ತಲೆಯಾಡಿಸಿದ, ಬೇಕಾದರೆ ಬಾಗಿಲಲ್ಲಿ ಕುರ್ಚಿ ಹಾಕಿಸುತ್ತೇನೆ ಎಂದ. ಹಿಂದೆ ಸಾಲಿನಲ್ಲಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅಕ್ಕಾ. ಎರಡು ವರ್ಷ ಆ ಕುರ್ಚಿಯ ಮುಂದೆ ಓಡಾಡುವ ನನ್ನನ್ನು ನಾನೇ ಕಂಡೆ. ಅಪ್ಪನಿಗೆ ಮಾತ್ರ, ಕೊಯಮತ್ತೂರಿನಲ್ಲಿ ಓದಿದರೆ ಕೆಲಸ ಬೇಗ ಸಿಗುತ್ತದೆ ಎಂದೆ.

ನಮ್ಮ ಕುಲದಲ್ಲಿ ಹೂವು ಕೇಳುವ ರೀತಿ ನಿನಗೆ ಹೇಳಬೇಕಾಗಿಲ್ಲ. ಯಾರ ವಿಷಯವೋ ಅವರೇ ತಲೆಗೆ ಸ್ನಾನ ಮಾಡಿ, ಬಿಳಿಯ ಹೂವಿಗೊಂದು ಕೆಂಪು ಹೂವಿಗೊಂದು ಬಾಳೆಲೆಯಲ್ಲಿ ಪೊಟ್ಟಣ ಕಟ್ಟಬೇಕು. ಪೂಜಾರಿ ಮೂಕಯ್ಯ ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಾರೆ. ಉಳಿದದ್ದನ್ನು ಯಾರೂ ಬಿಚ್ಚಬಾರದು, ಹಾಗೆಯೇ ಕಾಲುವೆಗೆ ಬಿಡಬೇಕು. ದೇವಿ ಬೇಡವೆಂದದ್ದನ್ನು ಇಣುಕಿ ನೋಡುವುದು ಅವಳಿಗೆ ಅವಮಾನವಂತೆ. ನಂದಿಬಟ್ಟಲು ಬಂದರೆ ದಿಂಡಿಗಲ್, ಕೆಂಪು ಕಣಗಿಲೆ ಬಂದರೆ ಕೊಯಮತ್ತೂರು ಎಂದು ಅಪ್ಪ ಹೇಳಿದರು.

ಎರಡು ಪೊಟ್ಟಣದಲ್ಲೂ ನಾನು ಕಣಗಿಲೆಯನ್ನೇ ಇಟ್ಟೆ.

ಅತ್ತೆಯ ಮುಖ ನೋಡಿ ನಾನು ಬರುವುದಿಲ್ಲ ಎನ್ನಲು ಬಾಯಿ ಬರದವಳು ದೇವಿಯ ಬಾಯಲ್ಲಿ ಹೇಳಿಸಿದೆ. ಕೆಂಪು ಬಂತು. ಇಷ್ಟು ಸ್ಪಷ್ಟವಾಗಿ ದೇವಿ ಅವ್ವ ಹೇಳಿದ್ದಾಳೆ ಎಂದು ಅಪ್ಪ ಅಲ್ಲೇ ಅಡ್ಡಬಿದ್ದರು. ಅತ್ತೆಯೂ ಬಿದ್ದರು, ಆದರೆ ಏಳಲು ತುಂಬಾ ಹೊತ್ತು ಹಿಡಿಯಿತು. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ದಿಂಡಿಗಲ್ ಬಸ್ಸು ಹತ್ತಿದರು.

ಅಪ್ಪನಿಗೆ ಅವರ ಫೋನು ಬರತೊಡಗಿತು. ತಾಯಿಯಿಲ್ಲದ ಮಕ್ಕಳನ್ನು ಸಾಕಿದ್ದರಲ್ಲಿ ಏನು ಕುಂದಾಯಿತು, ಅವ್ವ ನನ್ನ ಹೊಸಿಲನ್ನೇ ಯಾಕೆ ಒಲ್ಲೆ ಅಂದಳು ಎಂದು ಒಂದೇ ಪ್ರಶ್ನೆ. ಒಪ್ಪತ್ತು ಹಿಡಿದರು. ಆಮೇಲೆ ಅನ್ನವನ್ನೇ ಬಿಟ್ಟರು, ಬರೀ ಮಜ್ಜಿಗೆ. ಒಂದು ದಿನ ಅಪ್ಪ, ಪೊಟ್ಟಣ ಕಟ್ಟುವಾಗ ಏನಾದರೂ ಮೈಲಿಗೆ ಆಯಿತೋ ಎಂದು ಸುಮ್ಮನೆ ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ತಲೆಗೆ ನೀರು ಹಾಕಿಕೊಂಡೇ ಕಟ್ಟಿದ್ದು ಎಂದು ಎದ್ದು ನಿಂತು ಕೂಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪಾಪ, ಅಪ್ಪನಿಗೆ ಆಗಲೂ ತಿಳಿಯಲಿಲ್ಲ.

ಇನ್ನು ತಡೆಯಲಾಗದೆ ಬೆಳಗಿನ ದಿಂಡಿಗಲ್ ಬಸ್ಸಿಗೆ ಹೊರಟೆ. ಉತ್ತಮಪಾಳಯಂ ದಾಟುವವರೆಗೂ ಇಳಿದುಬಿಡೋಣವೇ ಎಂದು ನೋಡುತ್ತಿದ್ದೆ. ಅತ್ತೆ ಬಾಗಿಲು ತೆಗೆದಾಗ ರವಿಕೆ ತೋಳಲ್ಲಿ ಸಡಿಲವಾಗಿ ಜೋತುಬಿದ್ದಿತ್ತು. ಕೂತುಕೊಳ್ಳುವ ಮೊದಲೇ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ. ಅವರು ಎರಡೂ ಕೈ ಎದೆಯ ಮೇಲಿಟ್ಟುಕೊಂಡು ನಕ್ಕರು.

"ಅಪ್ಪಾಡಾ! ಅವ್ವಂಗೆ ನನ್ ಮ್ಯಾಲೆ ಕೋಪ ಇಲ್ಲೆ."

ಅಡುಗೆಮನೆಗೆ ಹೋಗಿ ನೆರೆಯವರು ತಂದಿಟ್ಟಿದ್ದ ಅನ್ನ ಬಡಿಸಿಕೊಂಡು ಬಂದರು, ಸಾರು ಕೂಡ ಬಿಸಿ ಮಾಡಲಿಲ್ಲ. ಹಸಿದವರು ಗಬಗಬನೆ ಉಂಡರು. ನನಗೂ ಉಣ್ಣು ಎಂದರು. ಎಷ್ಟೋ ತುತ್ತಾದ ಮೇಲೆ ಕೈ ತಟ್ಟೆಯಲ್ಲೇ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು.

"ಅಂಗಾರೆ ಬ್ಯಾಡ ಅಂದೋಳು ನೀನು," ಎಂದರು.

ಅಕ್ಕಾ, ಅಷ್ಟು ದಿನ ಅವರನ್ನು ಉಪವಾಸ ಕೆಡವಿದ್ದೆನಲ್ಲ, ಅದಕ್ಕಿಂತ ಆ ಗಳಿಗೆ ಕೆಟ್ಟದ್ದು. ದೇವಿ ಬೇಡ ಎಂದಿದ್ದರೆ ಹರಕೆ ಹೊತ್ತು ಸರಿಮಾಡಿಕೊಳ್ಳಬಹುದಿತ್ತು. ನನಗೆ ಯಾವ ಹರಕೆ ಹೊರುತ್ತಾರೆ? ನಾನು ಏನೇನೋ ತೊದಲಿದೆ. ಅವರು ಎಡಗೈ ಎತ್ತಿ ತಡೆದರು.

"ಹೂವು ಸಾಕು, ನನ್ ಕಣ್ಣು. ನಿನ್ ಬಾಯಾಗೆ ಹೇಳು. ಬತ್ತೀಯಾ, ಬರಾದಿಲ್ಲೆಯಾ?"

ನಾನು ಹೇಳಿದೆ. ಅವರು ಕೇಳಿಸಿಕೊಂಡು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಬಸ್ ಸ್ಟ್ಯಾಂಡಿಗೆ ಜೊತೆಯಲ್ಲೇ ಬಂದರು. ಅಪ್ಪನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರು. ಗೊತ್ತಾದರೆ ಅವನು ನಿನ್ನನ್ನು ಎಲ್ಲಿಯೂ ಓದಿಸುವುದಿಲ್ಲ ಎಂದರು. ಹಾಗಾಗಿ ಊರವರ ಲೆಕ್ಕದಲ್ಲಿ ದೇವಿ ಒಲ್ಲದವರು ಇವತ್ತಿಗೂ ಅವರೇ. ಮೊನ್ನೆ ಮದುವೆಯೊಂದರಲ್ಲಿ ಆರತಿ ತಟ್ಟೆ ಹಿಡಿಯಲು ಅವರನ್ನು ಕರೆಯಬೇಕೋ ಬೇಡವೋ ಎಂದು ಹೆಂಗಸರು ಗುಸುಗುಸು ಮಾಡಿದರಂತೆ. ನನ್ನ ಪಾಪವನ್ನು ಅವರು ಸೆರಗಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದಾರೆ, ನಾನು ಕಟ್ಟಿಕೊಳ್ಳಲು ಬಿಟ್ಟಿದ್ದೇನೆ.

ನಿನ್ನಲ್ಲಿ ಒಂದೇ ಬೇಡಿಕೆ. ಅವರನ್ನು ಕೊಳ್ಳೇಗಾಲಕ್ಕೆ ಕರೆಸಿಕೋ, ಒಂದಷ್ಟು ದಿನ ಇಟ್ಟುಕೋ. ನಾನು ಬರೆದದ್ದು ಹೇಳಬೇಡ, ಮಗುವನ್ನು ನೋಡಿಕೊಳ್ಳಲು ಜನ ಬೇಕು ಎನ್ನು. ಯಾರಿಗಾದರೂ ತಾನು ಬೇಕು ಎಂದು ಅವರಿಗೆ ಅನ್ನಿಸಲಿ. ಆ ಮಾತನ್ನು ನಾನು ಹೇಳಿದರೆ ಇನ್ನು ಯಾರು ನಂಬುತ್ತಾರೆ.

ನಿನ್ನ ಬೈಗುಳಕ್ಕೆ ಕಾದಿರುವ ತಂಗಿ,
ಮುತ್ತುಸೆಲ್ವಿ

ಮತ್ತೊಂದು ಮಾತು: ಅತ್ತೆಗೆ ಏನು ಹೇಳಿದೆ ಎಂದು ಮೇಲೆ ಬರೆಯಲು ಕೈ ಬರಲಿಲ್ಲ. ಬರುವುದಿಲ್ಲ ಎಂದೆ. ಉತ್ತರವನ್ನು ಗೂಡಲೂರಿಗೆ ಕಳಿಸಬೇಡ, ಕೊಯಮತ್ತೂರಿನ ಹಾಸ್ಟೆಲ್ ವಿಳಾಸವನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಇಲ್ಲಿಗೆ ಬಂದು ವಾರವಾಯಿತು. ನನಗೆ ಇಲ್ಲಿ ತುಂಬಾ ಚೆನ್ನಾಗಿದೆ ಅಕ್ಕಾ.