ಬೇರು ನೇಯ್ದ ಹೊದಿಕೆ

ಜೂನ್ ೧೪

ಪ್ರೀತಿಯ ಕತ್ರಿಗೆ,

ನಿನ್ನ ನಾಲಿಗೆಯ ಹರಿತ ನೋಡಿ ಟೈಲರ್ ಅಪ್ಪ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ. ನಿನ್ನ ಅಪ್ಪನನ್ನು ಮಣ್ಣು ಮಾಡಿದ ದಿನ ಮಾತು ಬಿಟ್ಟು ಹೋದವಳು ಫೋನೂ ಎತ್ತುತ್ತಿಲ್ಲ. ನೀನು ತಂದ ಶಾಲನ್ನು ಬದಿಗಿಟ್ಟು, ಎಲ್ಲರೆದುರು ಅಪ್ಪನ ಮೇಲೆ ಹುಲ್ಲು ಹೊದಿಸಿದೆ ಎಂಬ ಸಿಟ್ಟು ನಿನಗೆ. ಅದು ಬರೀ ಹುಲ್ಲಲ್ಲ, ಬಟ್ಟೆ. ಹೇಗೆ ಬಂತೆಂದು ಹೇಳುತ್ತೇನೆ.

ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತ ಮೇಲೆ ಹೊಲಿಗೆ ಮಷಿನ್ನಿನ ಸದ್ದು ಕೇಳಿದರೆ ಸಾಕು, ಕಣ್ಣು ತುಂಬಿಕೊಳ್ಳುತ್ತಿದ್ದರು. ಮಷಿನ್ನಿಗೆ ಮುಸುಕು ಹಾಕಿದೆ. ನನ್ನ ಕೈ ಸುಮ್ಮನಿರಬೇಕಲ್ಲ. ಅಪ್ಪನ ಹಳೆಯ ಗಿರಾಕಿ, ಆ ಕಲಾಶಾಲೆಯ ಮೇಷ್ಟರು, ಬೇರಿನಿಂದ ಬಟ್ಟೆ ಬೆಳೆಸುವುದನ್ನು ತೋರಿಸಿಕೊಟ್ಟರು. ತಟ್ಟೆಯಲ್ಲಿ ಗೆರೆ ಕೊರೆದ ಅಚ್ಚು, ಅದರ ಮೇಲೆ ತೆಳುವಾಗಿ ಮಣ್ಣು, ಒತ್ತೊತ್ತಾಗಿ ಗೋಧಿ. ಬೇರು ಕೆಳಗಿಳಿದು, ಮುಂದೆ ದಾರಿ ಕಾಣದೆ, ಆ ಗೆರೆಗಳನ್ನೇ ಹಿಡಿದು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಮೊದಲ ಸಲ ಬೂಸ್ಟು ಹಿಡಿದು ಮನೆಯೆಲ್ಲ ನಾರಿತು. ಆಮೇಲಿನದು ಕೈಯಲ್ಲೇ ಪುಡಿಯಾಯಿತು.

ಬಿಸಿಲು ಬೀಳುವ ಕಿಟಕಿ ಅಪ್ಪನ ಕೋಣೆಯದೊಂದೇ. ತಟ್ಟೆಗಳನ್ನು ಮಂಚದ ಪಕ್ಕಕ್ಕೇ ತಂದಿಟ್ಟೆ. ರೋಗಿಯ ಕೋಣೆಯಲ್ಲಿ ಮಣ್ಣೇ ಎಂದು ನರ್ಸ್ ಮೂಗು ಮುರಿದಳು. ಅಪ್ಪ ಮಾತ್ರ ದಿನವಿಡೀ ಅತ್ತಲೇ ನೋಡುತ್ತಿದ್ದರು. ಕೊನೆಗೆ ಮೇಷ್ಟರು ಕೊಟ್ಟ ದೊಡ್ಡ ತಟ್ಟೆಯಲ್ಲಿ, ಶಾಲಿನಷ್ಟು ಅಗಲದ್ದೊಂದು ಚೆನ್ನಾಗಿ ಬಂತು. ಬಿಡಿಸಿ, ಮಗುಚಿ, ಅವರ ಎದೆಯ ಮೇಲೆ ಹರಡಿದೆ. ಮೇಲೆ ಬೇರಿನ ಬಿಳಿ ಕಸೂತಿ, ಅಡಿಯಲ್ಲಿ ಹಸಿರು. ಸ್ವಾಧೀನವಿದ್ದ ಎಡಗೈಯಿಂದ ಅಂಚು ಸವರುತ್ತಾ ಹೋದರು, ಜೋಡಣೆ ಎಲ್ಲಿದೆಯೆಂದು ಹುಡುಕುವ ಹಾಗೆ. ಹೊಲಿಗೆಯೇ ಹಾಕದ ಬಟ್ಟೆಯಲ್ಲಿ ಅದೆಲ್ಲಿ ಸಿಗಬೇಕು? ನಕ್ಕರು ಕಣೆ, ಅರ್ಧ ಬಾಯಲ್ಲಿ.

ಒಣಗಿಸಿದರೆ ಬಹಳ ಕಾಲ ಉಳಿಯುತ್ತದೆ, ಪ್ರದರ್ಶನಕ್ಕಿಡೋಣ ಎಂದಿದ್ದರು ಮೇಷ್ಟರು. ಆ ವಾರವೇ ಅಪ್ಪ ಹೋದರು. ಹಸಿಯಿದ್ದಂತೆಯೇ ತಂದು ಹೊದಿಸಿದೆ. ತೀರ್ಮಾನ ನನ್ನದು. ಬೈಯುವುದಿದ್ದರೆ ನನ್ನನ್ನೇ ಬೈ, ಆದರೆ ಬಂದು, ಎದುರಿಗೆ ಕೂತು ಬೈ.

ನಿನ್ನ
ಅಮ್ಮ

ತಾ.ಕ.: ತೀರ್ಮಾನ ನನ್ನದೆಂದು ಬರೆದದ್ದು ಸುಳ್ಳು. ಅವತ್ತು ನಕ್ಕ ಮೇಲೆ ಅಪ್ಪ ತೊದಲುತ್ತಾ, "ಕೊನೇಗೆ... ಇದೇ ಹೊದಿಸು" ಅಂದರು. ಭಾನುವಾರ ಬಂದರೆ ಫೋನನ್ನು ಅವರ ಕಿವಿಗೆ ಹಿಡಿಯಲು ಹೇಳಿ, ಒಂದೇ ಒಂದು ಮಾತಿಗಾಗಿ ಕಾಯುತ್ತಿದ್ದವಳು ನೀನು. ಅವರು ಆಡಿದ್ದು ಅದೊಂದೇ ಮಾತು, ಅದೂ ನನ್ನ ಹತ್ತಿರ. ಅದನ್ನು ನಿನಗೆ ಹೇಗೆ ಹೇಳಲಿ ಎಂದೇ ಮುಚ್ಚಿಟ್ಟಿದ್ದೆ.