ರೈಟ್ ಬ್ಯಾಕ್‌ನ ಬೆನ್ನ ಹಿಂದೆ

ಮಾನ್ಯ ತಂಡ ಆಯ್ಕೆ ಸಮಿತಿ ಅಧ್ಯಕ್ಷರೇ,

ಭಾನುವಾರದ ಫುಟ್‌ಬಾಲ್ ಫೈನಲ್‌ಗೆ ನಮ್ಮ ಚೆಟ್ಟಳ್ಳಿಯ ಹುಡುಗರ ತಂಡದ ರೈಟ್ ಬ್ಯಾಕ್ ಆಗಿ ನನ್ನ ತಂಗಿಯ ಮಗ ಮಿಲನ್‌ನನ್ನು ಆರಿಸಿದ್ದೀರಿ. ಅವನನ್ನು ಆ ಜಾಗದಲ್ಲಿ ನಿಲ್ಲಿಸಬೇಡಿ. ಸೋಮಿಯನ್ನೂ ಬೇಡ, ಸುನಿಲನನ್ನೂ ಬೇಡ. ಈಗಿರುವ ಸ್ಥಿತಿಯಲ್ಲಿ ಅಲ್ಲಿ ಯಾರನ್ನೂ ನಿಲ್ಲಿಸಬೇಡಿ!

ಈ ಒಂದು ಸ್ಥಾನಕ್ಕಾಗಿ ತಮ್ಮ ಸಮಿತಿ ಎಷ್ಟು ಕಾಫಿ ಕುಡಿದು ಚರ್ಚಿಸಿತು! ಮಿಲನ್ ಗಾಳಿಯಂತೆ ಓಡುತ್ತಾನೆ. ಸೋಮಿ ಗಟ್ಟಿಗ, ಆದರೆ ಪ್ರತಿ ಪಂದ್ಯಕ್ಕೂ ಹಳದಿ ಕಾರ್ಡು. ಸುನಿಲನಿಗೆ ಅನುಭವವಿದೆ, ಜೆರಾಕ್ಸ್ ಅಂಗಡಿಯಲ್ಲಿ ಕೂತು ಬೆಳೆಸಿದ ಹೊಟ್ಟೆಯೂ ಇದೆ. ಕ್ರಾಸ್, ಟ್ಯಾಕಲ್, ಬಲಗಾಲು, ಎಡಗಾಲು, ಎಲ್ಲದರ ವಿಚಾರಣೆಯೂ ನಡೆಯಿತು. ಅಲ್ಲಿ ನಿಲ್ಲುವವನ ಬೆನ್ನ ಹಿಂದೆ ಏನಿದೆ ಎಂದು ಒಬ್ಬರಾದರೂ ಕೇಳಿದಿರಾ?

ಪಶ್ಚಿಮದ ಗೋಲಿನ ಬಲಮೂಲೆ ಕಾಫಿ ಎಸ್ಟೇಟಿಗೆ ತಾಗಿದೆ. ನಡುವೆ ಇರುವುದು ಆನೆ ದಾಟದಂತೆ ತೋಡಿದ ಕಂದಕ; ಅದರ ಎರಡೂ ದಡಗಳು ಕಳೆದ ಮಳೆಗಾಲದಲ್ಲಿ ಕುಸಿದು ಇಳಿಜಾರಾಗಿವೆ. ಕಾಫಿ ಪಿಕ್ಕಿಂಗ್ ಮುಗಿದು, ಕೊಯ್ದ ಹಣ್ಣು ತೂಕವಾದ ಮೇಲೆ, ಸಂಜೆಗೇ ನಮ್ಮಲ್ಲಿ ಆಟ. ಟಾಸ್ ಗೆದ್ದರೆ ಎರಡನೇ ಅರ್ಧಕ್ಕೆ ಪಶ್ಚಿಮದ ಗೋಲನ್ನು ಇಟ್ಟುಕೊಳ್ಳುವುದು ನಮ್ಮ ಹಳೆಯ ಜಾಣತನ: ಇಳಿಬಿಸಿಲು ಎದುರಾಳಿಯ ಕಣ್ಣಿಗೆ ಹೊಡೆಯಲಿ ಎಂದು. ಭಲೇ! ಸೂರ್ಯನೂ ನಮ್ಮ ಬೆನ್ನಿಗೆ, ಕುಸಿದ ಕಂದಕವೂ ನಮ್ಮ ಬೆನ್ನಿಗೆ. ಕತ್ತಲು ಇಳಿಯುವ ಹೊತ್ತಿಗೆ ಆ ಮೂಲೆಯಲ್ಲಿ ನಿಲ್ಲುವವನು ನಮ್ಮ ರೈಟ್ ಬ್ಯಾಕ್.

ಕಳೆದ ವಾರದ ಅಭ್ಯಾಸ ಪಂದ್ಯ ನೆನಪಿದೆಯೇ? ಸುನಿಲ ಚೆಂಡು ಬಿಟ್ಟು, ಎಸ್ಟೇಟಿನ ಕಡೆ ಮುಖ ಮಾಡಿ ನಿಂತುಬಿಟ್ಟ.

"ಸುನಿಲಣ್ಣಾ, ಬಾಲ್ ಈಚೆ ಉಂಟು! ಅಲ್ಲಿ ಎಂಥ, ಹಣ್ಣು ಎಣಿಸ್ತಿದ್ದೀರಾ?" ಎಂದು ಮಿಲನ್ ಕೂಗಿದ.

"ಸುಮ್ನಿರು ಮಾರಾಯ. ಒಳಗೆ ಹಕ್ಕಿಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದಾವೆ."

ಅಷ್ಟರಲ್ಲಿ ಗೋಲಾಯಿತು. "ಹಕ್ಕಿ ಕೇಳೋಕೆ ನಂಗೆ ರೈಟ್ ಬ್ಯಾಕ್ ಬೇಕಾ? ಮನೆಗೆ ಹೋಗಿ ರೇಡಿಯೋ ಕೇಳು ಹೋಗು!" ಎಂದು ತಾವು ಗುಡುಗಿದಿರಿ. ಮೈದಾನವೆಲ್ಲ ನಕ್ಕಿತು. ಆಗ ಎಸ್ಟೇಟಿನೊಳಗೆ ಒಂದು ಕೊಂಬೆ ಲಟಕ್ಕೆಂದು ಮುರಿಯಿತು. ಚೆಂಡನ್ನೂ ಎತ್ತಿಕೊಳ್ಳದೆ ಎಲ್ಲರೂ ಮನೆ ಸೇರಿದೆವು.

ಮರುದಿನ ಬೆಳಿಗ್ಗೆ ಹೋಗಿ ನೋಡಿದೆ. ಬುಟ್ಟಿಯಷ್ಟಗಲದ ಹೆಜ್ಜೆಗಳು ಕಂದಕಕ್ಕಿಳಿದು ಈಚೆ ಹತ್ತಿ, ಮೂಲೆಯ ಬಾವುಟದವರೆಗೆ ಬಂದಿದ್ದವು. ಬಾವುಟದ ಕೋಲು ಮಣ್ಣಿನೊಳಗೆ ಅಪ್ಪಚ್ಚಿಯಾಗಿತ್ತು. ತಮ್ಮನ್ನು ಕರೆತಂದು ತೋರಿಸಿದರೆ ತಾವು ಅಪ್ಪಣೆ ಕೊಡಿಸಿದ್ದೇನು? "ಬಂತು, ಹೋಯ್ತು. ಭಾನುವಾರವೂ ಬರೋಕೆ ಅದಕ್ಕೇನು ಇನ್ವಿಟೇಶನ್ ಕೊಟ್ಟಿದ್ದೀವಾ ಸಾಂತಪ್ಪಣ್ಣ?" ಎಂದಿರಿ. ಹೊಸ ಬಾವುಟ ನೆಡಿಸಿದಿರಿ. ಚೆಂಡು ನೋಡದ ಅಪರಾಧಕ್ಕೆ ಸುನಿಲನನ್ನು ಕೈಬಿಟ್ಟಿರಿ. ತಂಡದಲ್ಲಿ ಹಿಂದೆ ತಿರುಗಿ ನೋಡುತ್ತಿದ್ದವನು ಅವನೊಬ್ಬನೇ!

ನಾನು ನಾಟಕಗಳಲ್ಲಿ ರಾಜಪಾರ್ಟು ಮಾಡಿ ಮುದುಕನಾದವನು. ರಾಜನ ಬೆನ್ನ ಹಿಂದೆ ಖಳ ಕತ್ತಿ ಹಿರಿದು ಬರುವಾಗ ಜನ ಎದ್ದು ನಿಂತು "ಹಿಂದೆ! ಹಿಂದೆ!" ಎಂದು ಕಿರುಚುತ್ತಿದ್ದರು. ಕೇಳಿಸಿದರೂ ಕೇಳಿಸದವನಂತೆ ನಾನು ನಿಲ್ಲಬೇಕಿತ್ತು. ಪರದೆ ಬಿದ್ದ ಮೇಲೆ ಖಳನೂ ನಾನೂ ಒಂದೇ ಬೀಡಿ ಸೇದುತ್ತಿದ್ದೆವು. ಭಾನುವಾರ ಧ್ವನಿವರ್ಧಕ, ವಾಲಗ, ಪಟಾಕಿ. ಹಕ್ಕಿಗಳು ಸುಮ್ಮನಾದದ್ದು ಯಾರಿಗೆ ಗೊತ್ತಾಗುತ್ತದೆ ಸ್ವಾಮಿ? ಮಿಲನ್‌ನ ತಾಯಿ ಪೂವಮ್ಮ ನಿನ್ನೆ ಹೇಳಿದಳು: "ಅಣ್ಣ, ಬಾಲ್ ಸಿಕ್ಕಿದ್ರೆ ಅವನು ನಾನು ಕರೆದ್ರೂ ತಿರುಗಲ್ಲ."

ಆದ್ದರಿಂದ ಭಾನುವಾರದೊಳಗೆ ಕಂದಕವನ್ನು ಮತ್ತೆ ಆಳಕ್ಕೆ ತೋಡಿಸಿ, ಅರಣ್ಯ ಇಲಾಖೆಯ ಕಾವಲಿಗರನ್ನು ನಿಲ್ಲಿಸಿ. ಆಗದಿದ್ದರೆ ಒಂದು ದಿನ ಪಿಕ್ಕಿಂಗ್ ಬಿಡಿಸಿ, ಬಿಸಿಲೇರಿದ ಮೇಲೆ ಆಡಿಸಿ. ಸಮಿತಿಯಲ್ಲಿ ಎಸ್ಟೇಟ್ ಮಾಲೀಕರಿಗೇನು ಬರವೇ? ಎರಡೂ ಆಗದೆಂದಾದರೆ ಮೂರನೆಯದು ಸುಲಭ. ಶಾಮಿಯಾನದಲ್ಲಿರುವ ತಮ್ಮ ಕುರ್ಚಿಯನ್ನು ಆ ಬಾವುಟದ ಪಕ್ಕ ಹಾಕಿಸಿ. ಮುಖ ಚೆಂಡಿನ ಕಡೆಗೆ, ಬೆನ್ನು ಎಸ್ಟೇಟಿಗೆ. ಕೊನೆಯ ಸೀಟಿಯವರೆಗೆ ತಿರುಗಿ ನೋಡದೆ ಕೂರುತ್ತೇನೆಂದು ತಾವು ಮಾತು ಕೊಟ್ಟರೆ, ಮಿಲನ್‌ನ ಕೈ ಹಿಡಿದು ತಂದು ನಾನೇ ತಮ್ಮ ಮುಂದೆ ನಿಲ್ಲಿಸುತ್ತೇನೆ.

ನಿನ್ನೆ ಸಂಜೆ ಮೈದಾನಕ್ಕೆ ಹೋಗಿದ್ದೆ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

ಇಂತಿ,
ಈ ಸಲ ಪ್ರೇಕ್ಷಕರ ನಡುವೆ ನಿಂತು "ಹಿಂದೆ! ಹಿಂದೆ!" ಎಂದು ಕಿರುಚುತ್ತಿರುವ ಮಾಜಿ ಮಹಾರಾಜ,
ಸಾಂತಪ್ಪ