ಕಾಶಿಯಲ್ಲಿ ಬಿಟ್ಟ ಬೆಲ್ಲ

ನೆಲ್ಸನ್
೨೪ ಏಪ್ರಿಲ್ ೨೦೨೫

ಪ್ರೀತಿಯ ಜಯಾ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಬೈಯಬೇಕೆಂದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದೆ ಓದು. ಸೊಂಟನೋವು ಹೇಗಿದೆ? ಇಲ್ಲಿ ನಿತೀಶ ಎಂದಿನಂತೆ ಬಂದರಿನ ಕೆಲಸದಲ್ಲಿ ಮುಳುಗಿದ್ದಾನೆ. ಸೊಸೆ ಶ್ರೀವಿದ್ಯಾಳಿಗೆ ಆಸ್ಪತ್ರೆಯ ಪಾಳಿ. ಮೊಮ್ಮಗಳು ಕೃತಿಗೆ ಹತ್ತು ತುಂಬಿತು, ನನ್ನ ಭುಜಕ್ಕೆ ಬಂದಿದ್ದಾಳೆ. ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬಳು ಚೆನ್ನಾಗಿಲ್ಲ. ಮೈಗೇನೂ ಆಗಿಲ್ಲ ಕಣೇ, ಮನಸ್ಸು ಒಂದು ಕಡೆ ಕೂರುತ್ತಿಲ್ಲ. ಈ ಕಾಗದಕ್ಕೆ ಕೂತು ಆಗಲೇ ಮೂರು ಸಲ ಎದ್ದಿದ್ದೇನೆ. ಒಮ್ಮೆ ಒಲೆ ಆರಿಸಿದೆನೇ ಎಂದು ನೋಡಲು, ಇನ್ನೆರಡು ಸಲ ಯಾಕೆಂದು ನನಗೇ ಗೊತ್ತಿಲ್ಲ.

ವಾಟ್ಸಾಪಿನಲ್ಲಿ ಕೇಳೋಣವೆಂದರೆ ನಿನ್ನ ಫೋನನ್ನು ನಿನಗಿಂತ ಮೊದಲು ನಿನ್ನ ಸೊಸೆ ನೋಡುತ್ತಾಳೆ. ಇದು ನಿನ್ನೊಬ್ಬಳನ್ನೇ ಕೇಳಬೇಕಾದ ಮಾತು, ಯಾಕೆಂದರೆ ಆ ದಿನ ಕಾಶಿಯಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದವಳು ನೀನೊಬ್ಬಳೇ.

ನಮ್ಮವರು ತೀರಿಕೊಂಡ ಮೂರನೇ ತಿಂಗಳು. ಗಂಗೆಯ ಮೆಟ್ಟಿಲ ಮೇಲೆ ಪುರೋಹಿತರು, 'ಇಷ್ಟವಾದದ್ದು ಒಂದನ್ನು ಇಲ್ಲಿ ಬಿಟ್ಟು ಹೋಗಬೇಕು, ಏನು ಬಿಡ್ತೀರಮ್ಮ?' ಎಂದು ಕೇಳಿದರು. ನೀನು ಹಾಗಲಕಾಯಿ ಬಿಟ್ಟೆ. ಹುಟ್ಟಿದಾಗಿನಿಂದ ಹಾಗಲಕಾಯಿ ಮುಟ್ಟದವಳು ನೀನು! ಗಂಗಮ್ಮನಿಗೇ ಟೋಪಿ ಹಾಕಿದವಳು. ನಾನು ಬೆಲ್ಲ ಬಿಟ್ಟೆ. ಸಾರಿಗೂ ಪಲ್ಯಕ್ಕೂ ಚೂರು ಬೆಲ್ಲ ಬೀಳದಿದ್ದರೆ ಅಡುಗೆ ಮುಗಿಯಿತು ಎನ್ನದ ಮೈಸೂರಿನ ಹೆಂಗಸು ಬೆಲ್ಲ ಬಿಟ್ಟೆ. ಆರು ಯುಗಾದಿ ಬರೀ ಬೇವು ತಿಂದೆ. ಈ ಪರದೇಶಕ್ಕೆ ಮಗನ ಮನೆಗೆ ಬಂದ ಮೇಲೂ ಶ್ರೀವಿದ್ಯಾ ಒಂದು ಸೌಟು ಸಾರನ್ನು ನನಗಾಗಿ ಬೆಲ್ಲ ಹಾಕುವ ಮೊದಲೇ ತೆಗೆದಿಡುತ್ತಿದ್ದಳು, ಪಾಪ.

ಈ ಯುಗಾದಿಯಲ್ಲಿ ತಪ್ಪಿತು. ದೇವರ ಮುಂದೆ ಒಣಗಿದ ಬೇವಿನೆಲೆ ಅಂಗೈಯಲ್ಲಿಟ್ಟುಕೊಂಡು ಮುಖ ಕಿವುಚುತ್ತಿದ್ದೆ. ಕೃತಿ ಓಡಿಹೋಗಿ ತಾನು ಬೆಳಿಗ್ಗೆ ಪೈಕ್‌ಲೆಟ್ ಎಂಬ ಪುಟ್ಟ ದೋಸೆಗೆ ಸುರಿದುಕೊಳ್ಳುವ ಸೀಸೆ ತಂದಳು. 'ಅಜ್ಜಿ, ಇಟ್ಸ್ ನಾಟ್ ಬೆಲ್ಲ. ಇಟ್ಸ್ ಫ್ರಮ್ ಎ ಟ್ರೀ!' ಎಂದು ನನ್ನ ಅಂಗೈಗೆ ಸುರಿದೇಬಿಟ್ಟಳು. ಮೇಪಲ್ ಸಿರಪ್ ಅಂತೆ. ಕೆನಡಾ ದೇಶದಲ್ಲಿ ಮರಕ್ಕೆ ತೂತು ಕೊರೆದು, ಬಸಿದ ನೀರನ್ನು ಬತ್ತಿಸಿ ಮಾಡುತ್ತಾರಂತೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನೆಕ್ಕಿದೆ. ಜಯಾ, ಸ್ವಲ್ಪ ಹೊಗೆ, ಸ್ವಲ್ಪ ಮಣ್ಣು, ಕೊನೆಗೆ ಆಲೆಮನೆಯ ವಾಸನೆ. ಆರು ವರ್ಷದ ನಾಲಿಗೆ ಎದ್ದು ಕೂತಿತು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಸಾರಿಗೆ ಒಂದು ಚಮಚ, ಕುಂಬಳಕಾಯಿ ಪಲ್ಯಕ್ಕೆ ಒಂದು ಚಮಚ. ಪಕ್ಕದ ಮನೆಯ ಮಾರ್ಗರೆಟ್ ಈ ತಿಂಗಳಿಡೀ ಗೇಟಿನ ಹತ್ತಿರ ಫಿಜೋವಾ ಹಣ್ಣಿನ ಚೀಲ ಇಟ್ಟು ಹೋಗುತ್ತಾಳೆ. ನಮ್ಮ ಸೀಬೆಯ ದಾಯಾದಿಯಂತಿರುವ ಹುಳಿ ಹಣ್ಣು. ಅದಕ್ಕೆ ಹುಣಸೆರಸ, ಸಾರಿನ ಪುಡಿ, ಎರಡು ಚಮಚ ಮೇಪಲ್ ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಗೊಜ್ಜು ಮಾಡಿದೆ. ನಿತೀಶ ಬೆರಳು ಚೀಪಿದ. ಮಾರ್ಗರೆಟ್‌ಗೂ ಒಂದು ಬಟ್ಟಲು ಕಳಿಸಿದೆ, ಅವಳು ಅದನ್ನು ಚೀಸಿನ ಜೊತೆ ತಿಂದಳಂತೆ. ತಿನ್ನಲಿ ಬಿಡು.

ಒಬ್ಬಟ್ಟು ಮಾತ್ರ ಮೊದಲ ಸಲ ನನ್ನ ಮಾನ ತೆಗೆಯಿತು. ಬೆಂದ ಬೇಳೆಗೆ ಸೀಸೆಯಿಂದಲೇ ಸುರಿದೆ, ಹೂರಣ ಪಾಯಸವಾಯಿತು. ಎರಡನೇ ಸಲ ಬಾಣಲೆಯಲ್ಲಿ ಪಾಕವನ್ನೇ ಕುದಿಸಿ, ಬೆರಳ ನಡುವೆ ಎಳೆ ಬರುವವರೆಗೆ ಕಾಯ್ದು ಬೇಳೆಗೆ ಹಾಕಿದೆ. ಮೆತ್ತಗೆ, ಎಲೆಯಂತೆ ತೆಳ್ಳಗೆ ಬಂತು. ಈ ಊರಿನ ನಾಲ್ಕು ಕನ್ನಡದ ಮನೆಗಳಿಗೂ ಸುದ್ದಿ ಹೋಗಿ, ಮುಂದಿನ ತಿಂಗಳ ಕೊನೆಯ ಭಾನುವಾರ ಎಲ್ಲರೂ ನಮ್ಮ ಮನೆಗೆ ಮೇಪಲ್ ಒಬ್ಬಟ್ಟಿನ ಊಟಕ್ಕೆ ಬರುತ್ತಾರೆ. ಚಂದ್ರಮೌಳಿ ಡಾಕ್ಟರು, 'ಆಂಟಿ, ನಂಗೆ ಆರು' ಎಂದು ಈಗಲೇ ಹೇಳಿಟ್ಟಿದ್ದಾರೆ.

ಇಷ್ಟಾಗುವಾಗ ಹೋದ ವಾರ ಸೀಸೆ ಮುಗಿದು, ನಾನೇ ಅಂಗಡಿಯಿಂದ ಇನ್ನೊಂದು ತಂದೆ. ಮೇಲೆ ಅದೇ ಕೆಂಪು ಎಲೆಯ ಚಿತ್ರ. ಕನ್ನಡಕ ಮನೆಯಲ್ಲಿತ್ತು. ನಾಲ್ಕು ದಿನ ಸಾರಿಗೆ ಹಾಕಿ ತಿಂದ ಮೇಲೆ ಶ್ರೀವಿದ್ಯಾ ಸೀಸೆ ತಿರುಗಿಸಿ ನೋಡಿದಳು.

'ಅತ್ತೆ, ಇದು ಮೇಪಲ್ ಅಲ್ವೇ ಅಲ್ಲ. ಕಬ್ಬಿನ ಪಾಕಕ್ಕೆ ಬರೀ ಮೇಪಲ್ ವಾಸನೆ ಸೇರಿಸಿದಾರೆ.'

ಸೀಸೆಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಕಬ್ಬಿನ ಪಾಕ, ಕಂದು ಬಣ್ಣ, ಸೀಸೆಯಲ್ಲಿ ಸುರಿಯುವಂಥದ್ದು. ಹಾಗಾದರೆ ಅದಕ್ಕೂ ಜೋನಿಬೆಲ್ಲಕ್ಕೂ ಏನೇ ವ್ಯತ್ಯಾಸ? ಶ್ರೀವಿದ್ಯಾಳನ್ನು ಹಾಗೆಯೇ ಕೇಳಿದೆ. 'ಅಯ್ಯೋ, ಗೊತ್ತಿಲ್ದೆ ತಿಂದ್ರೆ ದೋಷ ಇಲ್ಲ ಬಿಡಿ ಅತ್ತೆ' ಎಂದಳು. ನಿತೀಶ, 'ಅಮ್ಮ, ನೀನು ಕಾಫಿಗೆ ಸಕ್ಕರೆ ಹಾಕ್ಕೊಳ್ತೀಯಲ್ಲ, ಅದೂ ಕಬ್ಬೇ' ಎಂದು ನಕ್ಕ. ಅವನ ಮಾತು ಸರಿ. ಸರಿಯಾಗಿದ್ದಕ್ಕೇ ನನಗೆ ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು ಮೈತಾಯಿ ಹೊಳೆಯ ದಂಡೆಯಲ್ಲಿ ಅತ್ತಿಂದಿತ್ತ ಸುತ್ತಿದೆ. ಆ ಸೀಸೆಯ ಮಾತು ಹೋಗಲಿ, ಅಸಲಿ ಮೇಪಲ್ ತಿಂದದ್ದಾದರೂ ನ್ಯಾಯವೇ? ಹೆಸರು ಬೇರೆ, ಮರ ಬೇರೆ, ಆದರೆ ನಾನು ತಿಂದದ್ದು ಬೆಲ್ಲದ ರುಚಿಯನ್ನೇ ಹುಡುಕಿಕೊಂಡು ತಾನೇ? ಕಳ್ಳನಿಗೊಂದು ಪಿಳ್ಳೆ ನೆವ. ನಿನ್ನ ಹಾಗಲಕಾಯಿಗೆ ನಕ್ಕವಳು ನಾನು, ಈಗ ನಿನಗಿಂತ ದೊಡ್ಡ ಕಳ್ಳಿ.

ಅದಕ್ಕೇ ಕೇಳುತ್ತಿದ್ದೇನೆ. ನಾನು ಬಿಟ್ಟದ್ದು ಮುರಿಯಿತೇ, ಇಲ್ಲವೇ? ನನ್ನ ಮುಖ ನೋಡಿ ಸಮಾಧಾನ ಹೇಳಬೇಡ. ಮುರಿಯಿತು ಎಂದರೆ ಇವತ್ತಿಗೇ ಬಿಡುತ್ತೇನೆ, ಬರುವವರಿಗೆ ಒಬ್ಬಟ್ಟು ತಟ್ಟಿ ಬಡಿಸಿ ನಾನು ಮೊಸರನ್ನ ತಿಂದು ಏಳುತ್ತೇನೆ. ಇಲ್ಲ ಎಂದರೆ ಎಲ್ಲರ ಜೊತೆ ಕೂತು ತಿನ್ನುತ್ತೇನೆ. ಎರಡರಲ್ಲಿ ಒಂದು ಹೇಳು. ನಡುವೆ ನಿಂತು ಸಾಕಾಗಿದೆ.

ಬಿಸಿನೀರಿನ ಶಾಖ ತಪ್ಪಿಸಬೇಡ. ಮೆಟ್ಟಿಲು ಹತ್ತಬೇಡ, ಹತ್ತುತ್ತೀ ಎಂದು ಗೊತ್ತು. ನಿನ್ನ ಮೊಮ್ಮಗ ಅಶ್ವಿನ್ ಪರೀಕ್ಷೆ ಪಾಸಾಗಲಿ, ಆಮೇಲಾದರೂ ನಿನ್ನ ಮಾತು ಕೇಳಲಿ, ಇದು ನನ್ನ ಆಶೀರ್ವಾದ. ನಿನ್ನ ಸೊಸೆಗೂ ಒಳ್ಳೆಯದಾಗಲಿ, ಈ ಕಾಗದ ಓದದಿದ್ದರೆ ಇನ್ನೂ ಒಳ್ಳೆಯದಾಗಲಿ.

ನಿನ್ನ
ಲೀಲಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬೆಲ್ಲವನ್ನೇ ಯಾಕೆ ಬಿಟ್ಟೆ ಎಂದು ನೀನು ಅಂದು ಕೇಳಲಿಲ್ಲ. ವೈರಾಗ್ಯ ಎಂದುಕೊಂಡೆಯೇನೋ. ನಮ್ಮವರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ದಿನದಿಂದ ನಾನು ಬೆಲ್ಲದ ಡಬ್ಬಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ, ನೀನೇ ನೋಡಿ ನಕ್ಕಿದ್ದೆ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಬಟ್ಟೆ ಯಾರಿಗಾದರೂ ಕೊಡೋಣವೆಂದು ಅವರ ವಾಕಿಂಗ್ ಸ್ವೆಟರಿನ ಜೇಬಿಗೆ ಕೈ ಹಾಕಿದೆ. ಪೇಪರಿನಲ್ಲಿ ಸುತ್ತಿದ ಅಚ್ಚುಬೆಲ್ಲದ ಚೂರು. ಒಂದು ಮೂಲೆಯಲ್ಲಿ ಹಲ್ಲಿನ ಗುರುತು. ನಲವತ್ತೊಂದು ವರ್ಷ ಜೊತೆಗೆ ಬಾಳಿದ ಮನುಷ್ಯ ನನಗೆ ಹೆದರಿ ಬೀದಿಯಲ್ಲಿ ನಿಂತು ಬೆಲ್ಲ ಕಚ್ಚುತ್ತಿದ್ದರು, ಜಯಾ. ಸತ್ತದ್ದು ಹೃದಯ ನಿಂತು, ಬೆಲ್ಲದಿಂದಲ್ಲ ಎಂದು ಡಾಕ್ಟರು ಹೇಳಿದರು.

ನಿನ್ನೆ ಅಡುಗೆಮನೆಗೆ ಹೋದರೆ ಕೃತಿ ಹೂರಣ ಕದ್ದು ತಿನ್ನುತ್ತಿದ್ದಳು. ನನ್ನನ್ನು ಕಂಡವಳೇ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. 'ಇಲ್ಲೇ ಕೂತು ತಿನ್ನು ಮಗು, ನನ್ನೆದುರಿಗೇ ತಿನ್ನು' ಎಂದೆ. ಎಂದವಳಿಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಆ ಒಂದು ಮಾತನ್ನು ಅವರಿಗೆ ಒಂದು ದಿನವೂ ಹೇಳಲಿಲ್ಲವಲ್ಲೇ.